ಎಣ್ಣೆ ತಲೆ, ಒಣಗಿದ ಅರ್ಥಿಂಗ್, 50 ಹರ್ಟ್ಸ್: ಕಲಬುರಗಿಯ ಬೇಸಿಗೆಯಲ್ಲಿ ಇಇಜಿ

ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ ಹುಡುಗಿಯರಿಗೆ ಇಇಜಿ, ಅಂದರೆ ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ಬಹಳ ಇಷ್ಟದ ಪ್ರಾಜೆಕ್ಟ್. ಇಂಟರ್ನೆಟ್ಟಿನಿಂದ ಡೇಟಾ ಇಳಿಸಿಕೊಂಡು, ಒಂದು ನ್ಯೂರಲ್ ನೆಟ್‌ವರ್ಕಿಗೆ ಅದನ್ನು ಕಲಿಸಿ, ‘ಮೂರ್ಛೆ ರೋಗ ಪತ್ತೆ, 99% ನಿಖರ’ ಎಂದು ವರದಿ ಬರೆಯುತ್ತಾರೆ. ಆಸಕ್ತಿ ನಿಜವಾದದ್ದೇ, ದುಡಿಮೆಯೂ ನಿಜವಾದದ್ದೇ. ಆದರೆ ಅದೇ ಊರಿನ ಆಸ್ಪತ್ರೆಯ ಇಇಜಿ ಕೋಣೆಯಲ್ಲಿ ಟೆಕ್ನೀಷಿಯನ್ ಎದುರಿಸುವ ತೊಂದರೆಗಳಲ್ಲಿ ಒಂದೂ ಆ ಡೇಟಾದಲ್ಲಿ ಇರುವುದಿಲ್ಲ. ಮಿದುಳಿನ ಸಿಗ್ನಲ್ ಓದುವ ಕೆಲಸದಲ್ಲಿ ಅರ್ಧದಷ್ಟು ಕಂಪ್ಯೂಟರಿಗೆ ಹೋಗುವ ಮೊದಲೇ, ನೆತ್ತಿಯ ಚರ್ಮದ ಮೇಲೆಯೇ ಕೆಟ್ಟಿರುತ್ತದೆ ಇಲ್ಲವೇ ಗೆದ್ದಿರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಈ ಕೆಲಸ ಮಾಡಬೇಕೆಂದಿರುವವರಿಗೆ ನಾನು ಮೊದಲು ಹೇಳಬೇಕೆಂದಿರುವುದು ಇದನ್ನೇ.

ಅಳತೆಯಿಂದ ಶುರು ಮಾಡೋಣ. ನೆತ್ತಿಯ ಮೇಲೆ ಸಿಗುವ ಮಿದುಳಿನ ಸಿಗ್ನಲ್ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಹೃದಯದ ಇಸಿಜಿ ಸುಮಾರು 1 ಮಿಲಿವೋಲ್ಟ್, ಅಂದರೆ ಹತ್ತಾರು ಪಟ್ಟು ದೊಡ್ಡದು. ಗೋಡೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್. 50 ಮೈಕ್ರೋವೋಲ್ಟಿನ ಪಕ್ಕ ಅದನ್ನಿಟ್ಟರೆ 46 ಲಕ್ಷ ಪಟ್ಟು. 1924ರಲ್ಲಿ ಜರ್ಮನಿಯ ಯೇನಾದಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ಅಲೆಗಳನ್ನು ಮೊದಲ ಸಲ ದಾಖಲಿಸಿದರೂ ಪ್ರಕಟಿಸಿದ್ದು 1929ರಲ್ಲಿ. ಅದಾದ ಮೇಲೂ ಕೆಲವು ವರ್ಷ ಜನ ಪೂರ್ತಿ ನಂಬಲಿಲ್ಲ. ಇಷ್ಟು ಸಣ್ಣ ಸಿಗ್ನಲ್ ಬೇರೆಲ್ಲಿಂದಲೋ ಬಂದಿರಬಹುದೆಂಬ ಅನುಮಾನ ಸಹಜವಾಗಿತ್ತು. ಆ ಅನುಮಾನವನ್ನು ಇವತ್ತಿಗೂ ಬಿಡಬಾರದು.

ನಮ್ಮ ಕಡೆ ಮೊದಲ ತೊಡಕು ತಲೆಗೆ ಹಚ್ಚುವ ಎಣ್ಣೆ. ಮಗುವನ್ನು ದವಾಖಾನೆಗೆ ಕರೆದೊಯ್ಯುವ ದಿನ ತಾಯಿ ಎಣ್ಣೆ ಹಚ್ಚಿ, ಹೆಣೆದು, ಹೂ ಮುಡಿಸಿ ಕರೆತರುತ್ತಾಳೆ. ಅದು ಪ್ರೀತಿ. ಸಿಗ್ನಲ್ ಹಿಡಿಯಲು ನೆತ್ತಿಗೆ ಅಂಟಿಸುವ ಲೋಹದ ಎಲೆಕ್ಟ್ರೋಡಿಗೆ ಮಾತ್ರ ಅದು ನಿರೋಧಕ ಪದರ. ಹಿಂದಿನ ದಿನವೇ ಫೋನಿನಲ್ಲಿ ಹೇಳಬೇಕಾದ್ದು: ‘ರಾತ್ರಿ ಶಾಂಪೂ ಹಚ್ಚಿ ತಲಿ ತೊಳೀರಿ, ಮುಂಜಾನಿ ಎಣ್ಣಿ ಹಚ್ಚಬ್ಯಾಡ್ರಿ, ಊಟ ಬಿಡಸಬ್ಯಾಡ್ರಿ, ಗುಳಿಗಿ ನಿಲ್ಲಸಬ್ಯಾಡ್ರಿ.’ ಕೊನೆಯ ಎರಡೂ ಅಷ್ಟೇ ಮುಖ್ಯ. ರಕ್ತಪರೀಕ್ಷೆ ಎಂದುಕೊಂಡು ಉಪವಾಸ ಬರುವವರು ಬಹಳ. ಹೊಟ್ಟೆ ಖಾಲಿ ಇದ್ದು ರಕ್ತದ ಸಕ್ಕರೆ ಇಳಿದರೆ ಅಲೆಗಳು ನಿಧಾನವಾಗುತ್ತವೆ, ಜೋರಾಗಿ ಉಸಿರಾಡಿಸುವ ಪರೀಕ್ಷೆಯಲ್ಲಿ ಅದು ಇನ್ನೂ ಹೆಚ್ಚುತ್ತದೆ. ನೋಡಿದವರಿಗೆ ರೋಗದಂತೆ ಕಾಣುತ್ತದೆ. ಇನ್ನು ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಿದರೆ ದಾರಿಯಲ್ಲೇ ಫಿಟ್ಸ್ ಬರಬಹುದು.

ನಿದ್ದೆಯದೂ ಒಂದು ಕಥೆ. ಕೆಲವು ಬಗೆಯ ಮೂರ್ಛೆಯ ಗುರುತು ನಿದ್ದೆ ಹತ್ತುವಾಗ ಮಾತ್ರ ಹೊರಬರುತ್ತದೆ. ಅದಕ್ಕೇ ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸಿ ಕರೆತರಲು ಹೇಳುತ್ತಾರೆ. ಚಿಂಚೋಳಿ ಕಡೆಯಿಂದಲೋ ಸುರಪುರದ ಕಡೆಯಿಂದಲೋ ಬರುವ ಮಗು ಬಸ್ಸಿನಲ್ಲೇ ಗಾಢ ನಿದ್ದೆ ಮುಗಿಸಿ, ಕೋಣೆಗೆ ಬರುವಾಗ ಕಣ್ಣು ಅರಳಿಸಿಕೊಂಡಿರುತ್ತದೆ. ರಾತ್ರಿಯ ಜಾಗರಣೆ ಎಲ್ಲ ವ್ಯರ್ಥ. ‘ಬಸ್ಸಿನ್ಯಾಗ ಮಲಗಿಸಬ್ಯಾಡ್ರಿ’ ಎಂಬ ಒಂದು ಮಾತು ಚೀಟಿಯಲ್ಲಿ ಇರಲೇಬೇಕು.

ಇನ್ನು ಟೇಪು. ಎಲೆಕ್ಟ್ರೋಡ್ ಇಡುವ 10-20 ಪದ್ಧತಿಯಲ್ಲಿ ಕಣ್ಣಳತೆಗೆ ಜಾಗವಿಲ್ಲ. ಮೂಗಿನ ಬುಡದ ತಗ್ಗಿನಿಂದ ಹಿಂದಲೆಯ ಉಬ್ಬು ಮೂಳೆಯವರೆಗೆ ನೆತ್ತಿಯ ಮೇಲಿಂದ ಅಳೆಯಿರಿ. 36 ಸೆಂಟಿಮೀಟರ್ ಬಂತೆನ್ನಿ. ಮೊದಲ ಗುರುತು 10%ಕ್ಕೆ, 3.6ರಲ್ಲಿ, ಆಮೇಲೆ 20%ರ ಹೆಜ್ಜೆ, 10.8, 18, 25.2, 32.4. ಹದಿನೆಂಟರ ಗುರುತು, ಎರಡೂ ಕಿವಿಗಳ ಮುಂದಿನ ತಗ್ಗಿನಿಂದ ಅಡ್ಡ ಅಳೆದಾಗ ಸಿಗುವ ನಡುಬಿಂದುವಿನ ಮೇಲೇ ಬೀಳಬೇಕು. ಬೀಳದಿದ್ದರೆ ಮತ್ತೆ ಅಳೆಯಬೇಕು. ಎಡಕ್ಕೆ ಬೆಸ ಸಂಖ್ಯೆ, ಬಲಕ್ಕೆ ಸಮ ಸಂಖ್ಯೆ. ಎಡ-ಬಲದ ಜೋಡಿ ಒಂದು ಸೆಂಟಿಮೀಟರ್ ಆಚೀಚೆ ಆದರೂ ಒಂದು ಕಡೆಯ ಅಲೆ ಚಿಕ್ಕದಾಗಿ ಕಂಡು, ಆ ಕಡೆ ಏನೋ ಆಗಿದೆ ಎಂಬ ತಪ್ಪು ವರದಿ ಹೊರಡುತ್ತದೆ.

ಗುರುತಿನ ಜಾಗದಲ್ಲಿ ಕೂದಲು ಸೀಳಿ, ನ್ಯೂಪ್ರೆಪ್‌ನಂಥ ಉಜ್ಜುವ ಜೆಲ್ಲನ್ನು ಹತ್ತಿಕಡ್ಡಿಯಿಂದ ಚರ್ಮ ತುಸು ಕೆಂಪಾಗುವಷ್ಟು ಉಜ್ಜಿ, ಟೆನ್20 ಪೇಸ್ಟ್ ತುಂಬಿದ ಬಟ್ಟಲು ಎಲೆಕ್ಟ್ರೋಡ್ ಒತ್ತಿಡಬೇಕು. ಇಂಪೀಡೆನ್ಸ್ (ಚರ್ಮ-ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) 5 ಕಿಲೋ ಓಮ್‌ಗಿಂತ ಕೆಳಗಿದ್ದರೆ ಚೆನ್ನ, 10 ದಾಟಬಾರದು. ಆದರೆ ಕಡಿಮೆ ಇರುವುದಕ್ಕಿಂತಲೂ ಎಲ್ಲವೂ ಹೆಚ್ಚುಕಡಿಮೆ ಸಮ ಇರುವುದು ಮುಖ್ಯ ಎಂದು ನಾನು ಒತ್ತಿ ಹೇಳುತ್ತೇನೆ. ಗೋಡೆಯೊಳಗಿನ ವೈರುಗಳಿಂದ 50 ಹರ್ಟ್ಸಿನ ಗುಂಯ್‌ಗುಡುವಿಕೆ ರೋಗಿಯ ಇಡೀ ಮೈಗೆ ಹತ್ತಿರುತ್ತದೆ. ಆಂಪ್ಲಿಫೈಯರ್ ಎರಡು ಎಲೆಕ್ಟ್ರೋಡುಗಳ ವ್ಯತ್ಯಾಸವನ್ನಷ್ಟೇ ಹಿಗ್ಗಿಸುತ್ತದೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ತೂಗುವ ತಕ್ಕಡಿಯ ಎರಡೂ ತಟ್ಟೆಗಳ ಮೇಲೆ ಗಾಳಿ ಸಮನಾಗಿ ಬಿದ್ದರೆ ಮುಳ್ಳು ಕದಲುವುದಿಲ್ಲ, ಇಲ್ಲಿಯೂ ಹಾಗೆಯೇ. ಎರಡೂ 4 ಕಿಲೋ ಓಮ್ ಇದ್ದರೆ ಗುಂಯ್ ಪರಸ್ಪರ ಕಳೆದುಹೋಗುತ್ತದೆ. ಒಂದು 4, ಇನ್ನೊಂದು 40 ಇದ್ದರೆ ಎರಡೂ ದಾರಿಯಲ್ಲಿ ಗುಂಯ್ ಬೇರೆಬೇರೆ ಪ್ರಮಾಣದಲ್ಲಿ ಒಳಬಂದು, ಉಳಿದ ಭಾಗ ಪರದೆಯ ಮೇಲೆ ದಪ್ಪ ಕಪ್ಪು ಪಟ್ಟಿಯಾಗಿ ಕೂರುತ್ತದೆ.

ಆಗ ಎಲ್ಲರೂ ಮಾಡುವ ಕೆಲಸ 50 ಹರ್ಟ್ಸನ್ನಷ್ಟೇ ಕತ್ತರಿಸುವ ನಾಚ್ ಫಿಲ್ಟರ್ ಒತ್ತುವುದು. ಪಟ್ಟಿ ಮಾಯವಾಗುತ್ತದೆ, ಎಲೆಕ್ಟ್ರೋಡ್ ಕೆಟ್ಟೇ ಇರುತ್ತದೆ. ಹತ್ತು ನಿಮಿಷದ ಮೇಲೆ ಅದೇ ಎಲೆಕ್ಟ್ರೋಡ್ ಚರ್ಮದಿಂದ ಬಿಟ್ಟು ಪಟಕ್ಕನೆ ಒಂದು ಚೂಪು ಅಲೆ ಎಸೆಯುತ್ತದೆ. ಒಂದೇ ಚಾನೆಲ್‌ನಲ್ಲಿ (ಎರಡು ಎಲೆಕ್ಟ್ರೋಡುಗಳ ವ್ಯತ್ಯಾಸ ತೋರಿಸುವ ಒಂದು ಗೆರೆ), ಅಕ್ಕಪಕ್ಕ ಏನೂ ಇಲ್ಲದೆ. ಅನುಭವವಿಲ್ಲದವರು ಅದನ್ನು ಸ್ಪೈಕ್, ಅಂದರೆ ಮೂರ್ಛೆಯ ಗುರುತಾದ ಚೂಪು ಅಲೆ, ಎಂದು ಬರೆದರೆ, ಇಲ್ಲದ ರೋಗಕ್ಕೆ ಮಗು ವರ್ಷಗಟ್ಟಲೆ ಗುಳಿಗೆ ನುಂಗುತ್ತದೆ. ಹಾಗಾಗಿ ಕ್ರಮ ತಿರುವುಮುರುವಾಗಬೇಕು: ಮೊದಲ ಎರಡು ನಿಮಿಷ ನಾಚ್ ಬಂದ್ ಇಟ್ಟೇ ನೋಡಿ, ಯಾವ ಚಾನೆಲ್ ಗುಂಯ್‌ಗುಡುತ್ತಿದೆಯೋ ಅದನ್ನು ಮತ್ತೆ ಉಜ್ಜಿ ಸರಿ ಮಾಡಿ, ಆಮೇಲೂ ಬೇಕಿದ್ದರೆ ನಾಚ್ ಹಾಕಿ.

ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಗುಂಯ್‌ಗುಟ್ಟಿದರೆ ತಪ್ಪು ತಲೆಯಲ್ಲಿಲ್ಲ. ಗ್ರೌಂಡ್ ಎಲೆಕ್ಟ್ರೋಡಿನಲ್ಲಿದೆ ಅಥವಾ ಕಟ್ಟಡದಲ್ಲಿದೆ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುವ ಮಣ್ಣು ಅರ್ಥಿಂಗ್ ಗುಂಡಿಯ ಪೈಪಿನಿಂದ ದೂರ ಸರಿಯುತ್ತದೆ, ಒಣಗಿ ಅದರ ರೋಧ ಏರುತ್ತದೆ. ಜನವರಿಯಲ್ಲಿ ಶುದ್ಧವಾಗಿ ಓಡಿದ ಯಂತ್ರ ಏಪ್ರಿಲ್‌ನಲ್ಲಿ ಗಲೀಜು ಸಿಗ್ನಲ್ ಕೊಡಲು ಇದೂ ಒಂದು ಕಾರಣ. ಮಲ್ಟಿಮೀಟರ್ ತೆಗೆದುಕೊಂಡು ನ್ಯೂಟ್ರಲ್-ಅರ್ಥ್ ನಡುವೆ ಅಳೆಯಿರಿ. ಒಂದೆರಡು ವೋಲ್ಟಿನೊಳಗೆ ಇರಬೇಕು. ಅದಕ್ಕೆ ಮೇಲಿದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಉಪ್ಪು-ಇದ್ದಿಲಿನ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕಿಸುವುದು ಇಇಜಿ ಕೋಣೆಯ ನಿರ್ವಹಣೆಯ ಭಾಗವೇ. ರೋಗಿಯ ಮಂಚ ಕಟ್ಟಿಗೆಯದಾಗಿ, ಗೋಡೆಯಿಂದ ದೂರವಿದ್ದರೆ ಒಳ್ಳೆಯದು. ಮಂಚದ ಮೇಲೆ ಚಾರ್ಜಿಗೆ ಇಟ್ಟ ಮೊಬೈಲ್ ಇರಲೇಬಾರದು.

ಇನ್ವರ್ಟರಿನ ವಿಷಯ ಇನ್ನೂ ಸೂಕ್ಷ್ಮ. ಪ್ರಾಜೆಕ್ಟಿಗೆ ಸ್ವಂತ ಬೋರ್ಡ್ ಕಟ್ಟುವವರು ಇಲ್ಲಿ ನಿಲ್ಲಬೇಕು. ಕರೆಂಟ್ ಹೋದಾಗ ಮನೆಗಳಲ್ಲಿ ಓಡುವ ಅಗ್ಗದ ಇನ್ವರ್ಟರ್ ಚೌಕ ಅಲೆ ಕೊಡುತ್ತದೆ. ಅದರಲ್ಲಿ 50 ಮಾತ್ರವಲ್ಲ, 150, 250 ಹರ್ಟ್ಸ್ ಕೂಡ ತುಂಬಿರುತ್ತವೆ. ನೀವು ಸೆಕೆಂಡಿಗೆ 256 ಸ್ಯಾಂಪಲ್ ತೆಗೆಯುತ್ತಿದ್ದೀರಿ, ಎಡಿಸಿಗೆ (ಸಿಗ್ನಲನ್ನು ಅಂಕಿಗಳಾಗಿಸುವ ಚಿಪ್) ಮೊದಲು, ಮೇಲಿನ ಆವರ್ತನಗಳನ್ನು ತಡೆಯುವ ಆಂಟಿ-ಏಲಿಯಾಸಿಂಗ್ ಫಿಲ್ಟರ್ ಇಲ್ಲ ಎನ್ನಿ. 128 ಹರ್ಟ್ಸಿಗಿಂತ ಮೇಲಿನದ್ದೆಲ್ಲ ಮಡಚಿಕೊಂಡು ಕೆಳಗೆ ಬೀಳುತ್ತದೆ. 250 ಹರ್ಟ್ಸ್ ಎಲ್ಲಿ ಬೀಳುತ್ತದೆ? 256ರಲ್ಲಿ 250 ಕಳೆದರೆ 6. ಅಂದರೆ ಪರದೆಯ ಮೇಲೆ 6 ಹರ್ಟ್ಸಿನ ಅಚ್ಚುಕಟ್ಟಾದ ಥೀಟಾ ಅಲೆ. ಎಚ್ಚರವಿರುವ ವಯಸ್ಕನಲ್ಲಿ ಎಡೆಬಿಡದೆ ಥೀಟಾ ಕಂಡರೆ ಮಿದುಳು ಮಂದವಾಗಿದೆ ಎಂಬ ಅರ್ಥ ಬರುತ್ತದೆ. ಒಮ್ಮೆ ಹೀಗೆ ಒಳಗೆ ಬಂದದ್ದನ್ನು ಆಮೇಲೆ ಯಾವ ಡಿಜಿಟಲ್ ಫಿಲ್ಟರೂ ಬೇರ್ಪಡಿಸಲಾರದು, ಏಕೆಂದರೆ ನಿಜವಾದ ಥೀಟಾ ಕೂಡ ಅಲ್ಲೇ ಇದೆ. ಪತ್ತೆ ಮಾಡುವ ದಾರಿ ಸರಳ: ಇನ್ವರ್ಟರ್ ಬಂದ್ ಮಾಡಿ, ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ಓಡಿಸಿ. ಅಲೆ ಹೋದರೆ ಅದು ಮಿದುಳಿನದಲ್ಲ. ಮಿದುಳಿನ ಲಯ ಏರಿಳಿಯುತ್ತದೆ, ಕಣ್ಣು ತೆರೆದರೆ ಮುಚ್ಚಿದರೆ ಬದಲಾಗುತ್ತದೆ. ಇದು ಒಂದೇ ಎತ್ತರದಲ್ಲಿ ಓಡುತ್ತಿರುತ್ತದೆ.

ಆರ್ಡುಯಿನೋ ಊನೋದ 10 ಬಿಟ್ ಎಡಿಸಿಗೆ ನೇರ ಜೋಡಿಸಿ ಇಇಜಿ ನೋಡುತ್ತೇವೆ ಎನ್ನುವವರಿಗೆ ಒಂದು ಲೆಕ್ಕ: 5 ವೋಲ್ಟನ್ನು 1024 ಮೆಟ್ಟಿಲು ಮಾಡಿದರೆ ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. 50 ಮೈಕ್ರೋವೋಲ್ಟಿನ ಸಿಗ್ನಲ್‌ಗಿಂತ ಅದೇ ನೂರು ಪಟ್ಟು ದೊಡ್ಡದು. ಎಡಿಸಿಗೆ ಮೊದಲು ಸಾವಿರಗಟ್ಟಲೆ ಪಟ್ಟು ಹಿಗ್ಗಿಸುವ ಒಳ್ಳೆಯ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಬೇಕು, ಇಲ್ಲವೇ ಎಡಿಎಸ್1299ನಂಥ 24 ಬಿಟ್ ಚಿಪ್. ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ: ಮನುಷ್ಯನ ತಲೆಗೆ ಜೋಡಿಸಿದ ಸ್ವಂತ ಬೋರ್ಡು ಬ್ಯಾಟರಿಯಲ್ಲೇ ಓಡಬೇಕು, ಅದಕ್ಕೆ ಜೋಡಿಸಿದ ಲ್ಯಾಪ್‌ಟಾಪ್ ಚಾರ್ಜರಿನಿಂದ ಬಿಡಿಸಿರಬೇಕು.

ಬೆವರು ನಮ್ಮ ಕಡೆಯ ದೊಡ್ಡ ಶತ್ರು. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಹಣೆಯ ಚಾನೆಲ್‌ಗಳು ಎರಡು ಮೂರು ಸೆಕೆಂಡಿಗೊಂದರಂತೆ ಮೆಲ್ಲಗೆ ತೂಗಾಡುತ್ತವೆ, ಅರ್ಧ ಹರ್ಟ್ಸಿಗಿಂತ ಕೆಳಗೆ. ಬೆವರುಗ್ರಂಥಿಗಳದೂ, ಎಲೆಕ್ಟ್ರೋಡ್ ಕೆಳಗಿನ ಉಪ್ಪಿನ ಪ್ರಮಾಣ ಬದಲಾಗುವುದರದೂ ಫಲ ಇದು. ನಿಧಾನದ ಅಲೆಗಳನ್ನು ಕತ್ತರಿಸುವ ಲೋ ಫ್ರೀಕ್ವೆನ್ಸಿ ಫಿಲ್ಟರನ್ನು 1 ಹರ್ಟ್ಸಿಗೆ ಏರಿಸಿದರೆ ಕಣ್ಣಿಗೆ ಸಮಾಧಾನ, ಆದರೆ ಗಡ್ಡೆಯ ಮೇಲೋ ಪಾರ್ಶ್ವವಾಯು ಆದ ಜಾಗದ ಮೇಲೋ ಕಾಣುವ ನಿಜವಾದ, ಬಹಳ ನಿಧಾನದ ಡೆಲ್ಟಾ ಅಲೆಯೂ ಸವೆಯುತ್ತದೆ. ಕೋಣೆ ತಣ್ಣಗಿಡುವುದೊಂದೇ ಸರಿಯಾದ ಉಪಾಯ. ಎಸಿ ಇಲ್ಲದ ಕಡೆ ಕೂಲರ್ ತರುತ್ತಾರೆ. ಅದರ ಗಾಳಿ ನೇರ ವೈರುಗಳಿಗೆ ಬಡಿದರೆ ವೈರ್ ಅಲುಗಿದಷ್ಟೂ ಅಲೆ ಎದ್ದು ಬೀಳುತ್ತದೆ, ಒದ್ದೆ ಗಾಳಿಗೆ ಚರ್ಮವೂ ಆರುವುದಿಲ್ಲ. ಕೂಲರನ್ನು ಕಾಲ ಕಡೆಗಿಟ್ಟು, ವೈರುಗಳನ್ನೆಲ್ಲ ಜಡೆಯಂತೆ ಒಟ್ಟಿಗೆ ಹೆಣೆದು ಭುಜದ ಹತ್ತಿರ ಟೇಪ್ ಹಚ್ಚಿ. ಪೇಸ್ಟ್ ಹೆಚ್ಚಾಗಿ ಬೆವರಿನ ಜೊತೆ ಹರಡಿ ಅಕ್ಕಪಕ್ಕದ ಎರಡು ಎಲೆಕ್ಟ್ರೋಡುಗಳನ್ನು ಕೂಡಿಸಿಬಿಟ್ಟರೆ, ಆ ಜೋಡಿಯ ಚಾನೆಲ್ ಸಪಾಟಾಗುತ್ತದೆ. ಇಂಪೀಡೆನ್ಸ್ ಮೀಟರಿನಲ್ಲಿ ಮಾತ್ರ ಎಲ್ಲವೂ ಚೆನ್ನಾಗಿ ಕಾಣುವುದರಿಂದ ಇದು ಮೋಸದ ತಪ್ಪು.

ಎಲ್ಲ ಸರಿಯಾಗಿದೆಯೇ ಎಂದು ನೋಡಲು ರೋಗಿಗೆ ಹೇಳುವ ಮೊದಲ ಮಾತು ‘ಕಣ್ಣು ಮುಚ್ಚರಿ’. ಮುಚ್ಚಿದ ಒಂದೆರಡು ಸೆಕೆಂಡಿನಲ್ಲಿ ಹಿಂದಲೆಯ ಚಾನೆಲ್‌ಗಳಲ್ಲಿ 8ರಿಂದ 13 ಹರ್ಟ್ಸಿನ ಆಲ್ಫಾ ಲಯ ಎದ್ದು, ತೆರೆದೊಡನೆ ಕುಸಿಯುತ್ತದೆ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ಇನ್ನು ಓದುವ ವಿಷಯ. ಇಇಜಿ ನಾರ್ಮಲ್ ಬಂದರೆ ಮೂರ್ಛೆ ಇಲ್ಲ ಎಂದರ್ಥವಲ್ಲ. ಮೂರ್ಛೆ ಇರುವವರಲ್ಲಿ ಮೊದಲ ಸಾಮಾನ್ಯ ರೆಕಾರ್ಡಿಂಗಿನಲ್ಲಿ ಗುರುತು ಸಿಗುವುದು ಹೆಚ್ಚೆಂದರೆ ಅರ್ಧದಷ್ಟು ಮಂದಿಗೆ. ಅದಕ್ಕೇ ಮನೆಯವರ ಮಾತಿಗೆ ಯಂತ್ರದಷ್ಟೇ ತೂಕ. ಗಾಣಗಾಪುರಕ್ಕೋ ಬಂದೇ ನವಾಜ್ ದರ್ಗಾಕ್ಕೋ ಹೋಗಿ ಬಂದು ಆಮೇಲೆ ಆಸ್ಪತ್ರೆ ಹತ್ತುವ ಕುಟುಂಬಗಳಿವೆ. ‘ಮೈಮ್ಯಾಲ ಬಂದಂಗ ಆಗ್ತದರೀ, ಒಂದು ಮಿನಿಟ್ ಸುಮ್ಮ ನೋಡಕೋತ ಕೂಡ್ತಾನ, ಬಾಯಿ ಚಪ್ಪರಸ್ತಾನ, ಅಂಗಿ ಗುಂಡಿ ಜಗ್ತಾನ’ ಎಂದು ತಾಯಿ ಹೇಳಿದರೆ, ಅದು ಕಿವಿಯ ಹಿಂದೆ ಮುಂದೆ ಒಳಗಿರುವ ಟೆಂಪೊರಲ್ ಭಾಗದ ಮೂರ್ಛೆಯ ಬಹುತೇಕ ಪೂರ್ಣ ವಿವರಣೆ. ಅವರು ಯಾವ ಹೆಸರಿನಿಂದ ಕರೆದರೂ ಚಿಂತೆಯಿಲ್ಲ, ವಿವರ ಬರೆದುಕೊಳ್ಳಿ. ಅಂಥವರಿಗೆ ಎರಡು ಎಲೆಕ್ಟ್ರೋಡ್ ಹೆಚ್ಚಿಗೆ ಹಾಕುವುದು ಲಾಭ: ಕಿವಿಯ ತೂತಿನಿಂದ ಕಣ್ಣಿನ ಹೊರ ಮೂಲೆಗೆ ಗೆರೆ ಎಳೆದು, ಕಿವಿಯಿಂದ ಮೂರನೇ ಒಂದು ಭಾಗ ಮುಂದೆ, 1 ಸೆಂಟಿಮೀಟರ್ ಮೇಲೆ. ಫಿಟ್ಸ್ ಬಂದಾಗ ಮೊಬೈಲಿನಲ್ಲಿ ವಿಡಿಯೋ ಮಾಡಲು ಹೇಳಿ. ಮುಖ, ಎರಡೂ ಕೈ ಕಾಣಬೇಕು, ಹೆಸರು ಹಿಡಿದು ಕರೆಯಬೇಕು. ಮಗ್ಗುಲಿಗೆ ಹೊರಳಿಸಬೇಕು. ಕೈಗೆ ಕಬ್ಬಿಣ, ಬಾಯಿಗೆ ಚಮಚ ಬೇಡ. 5 ನಿಮಿಷ ದಾಟಿದರೆ ಆಸ್ಪತ್ರೆಗೆ.

ಕೆಲವು ಚಿತ್ರಗಳು ಮಾತ್ರ ಒಮ್ಮೆ ಕಂಡರೆ ಮರೆಯುವಂಥವಲ್ಲ. ಪಾಠದ ನಡುವೆ ಹತ್ತು ಸೆಕೆಂಡು ಮಂಕಾಗುವ ಮಗುವಿನಲ್ಲಿ ಸೆಕೆಂಡಿಗೆ 3ರಂತೆ ಸ್ಪೈಕ್-ಅಲೆ. ಮೂರು ನಿಮಿಷ ಜೋರಾಗಿ ಉಸಿರಾಡಿಸಿದರೆ ಎದುರಿಗೇ ಬರುತ್ತದೆ. ಕಾಗದದ ಗಿರಗಿಟ್ಲಿ ಕೈಗೆ ಕೊಟ್ಟು ಊದಿಸಿದರೆ ಮಕ್ಕಳು ಖುಷಿಯಿಂದ ಮಾಡುತ್ತಾರೆ. ಮುಂಜಾನೆ ಎದ್ದೊಡನೆ ಕೈ ಜರ್ಕ್ ಹೊಡೆದು ಚಹಾ ಕಪ್ ಬೀಳಿಸುವ ಹರೆಯದವರಲ್ಲಿ 4ರಿಂದ 6 ಹರ್ಟ್ಸಿನ ಪಾಲಿಸ್ಪೈಕ್, ಅಂದರೆ ಒಟ್ಟೊಟ್ಟಿಗೆ ಏಳುವ ಹಲವು ಸ್ಪೈಕ್. ಆರೇಳು ತಿಂಗಳ ಕೂಸು ಸಾಲಾಗಿ ಮುಂದಕ್ಕೆ ಬಾಗಿ ಬಾಗಿ ಬೀಳುತ್ತಿದ್ದರೆ ಹೊಟ್ಟೆನೋವೆಂದು ತಿಂಗಳುಗಟ್ಟಲೆ ಕಾಯುವುದು ಬೇಡವೇ ಬೇಡ. ಇಇಜಿ ಪೂರ್ತಿ ಅಸ್ತವ್ಯಸ್ತವಾಗಿರುತ್ತದೆ, ಚಿಕಿತ್ಸೆ ತಡವಾದಷ್ಟೂ ಬೆಳವಣಿಗೆ ಕುಂಠಿತವಾಗುತ್ತದೆ.

ಎಸ್‌ಎಸ್‌ಪಿಇ ಬಗ್ಗೆ ನಾನು ಸ್ವಲ್ಪ ಹೆಚ್ಚು ನಿಲ್ಲುತ್ತೇನೆ. ಚಿಕ್ಕಂದಿನಲ್ಲಿ ದಡಾರ ಬಂದುಹೋದ ಹಲವು ವರ್ಷಗಳ ನಂತರ ಅದೇ ವೈರಸ್ ಮಿದುಳಿನಲ್ಲಿ ಮಾಡುವ ಅನಾಹುತ ಇದು. ಜಾಣ ಹುಡುಗ ಮೊದಲು ಓದಿನಲ್ಲಿ ಹಿಂದೆ ಬೀಳುತ್ತಾನೆ, ಆಮೇಲೆ ನಡೆಯುವಾಗ ಕುಸಿಯತೊಡಗುತ್ತಾನೆ. ಇಇಜಿಯಲ್ಲಿ ದೊಡ್ಡ ಅಲೆಗಳ ಗೊಂಚಲು 4ರಿಂದ 15 ಸೆಕೆಂಡಿಗೊಮ್ಮೆ, ಗಡಿಯಾರದಂತೆ ಮರುಕಳಿಸುತ್ತದೆ. ಪರದೆಯ ಒಂದು ಪುಟ ಸಾಮಾನ್ಯವಾಗಿ 10 ಸೆಕೆಂಡು. ಅಂದರೆ ಒಂದು ಪುಟಕ್ಕೆ ಹೆಚ್ಚೆಂದರೆ ಎರಡು ಮೂರು ಗೊಂಚಲು, ಅಂತರ ಉದ್ದವಿದ್ದರೆ ಕೆಲವು ಪುಟಗಳಲ್ಲಿ ಒಂದೂ ಇಲ್ಲ. ಪುಟ ಪುಟ ತಿರುವುವವರಿಗೆ ಅದರ ಲಯ ಕಾಣುವುದೇ ಇಲ್ಲ. ರೋಗಿ ಅಲುಗಿದ್ದಾನೆ ಎಂದುಕೊಂಡು ಮುಂದೆ ಹೋಗುತ್ತಾರೆ. ಪುಟವನ್ನು 30 ಅಥವಾ 60 ಸೆಕೆಂಡಿಗೆ ಹಿಗ್ಗಿಸಿದರೆ ಬೇಲಿಗೂಟಗಳು ಸಾಲಾಗಿ ಎದ್ದುನಿಲ್ಲುತ್ತವೆ. ಸಿಗ್ನಲ್ ವಿಶ್ಲೇಷಣೆ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ: ಎರಡು ಮೂರು ನಿಮಿಷದ ರೆಕಾರ್ಡಿಂಗಿನ ಹೊರ ಆಕಾರ ತೆಗೆದು ಆಟೋಕೋರಿಲೇಷನ್ ಮಾಡಿದರೆ (ಸಿಗ್ನಲನ್ನು ಸರಿಸಿ ಸರಿಸಿ ಅದರ ಜೊತೆಗೇ ಹೋಲಿಸಿದರೆ), ಗೊಂಚಲುಗಳ ಅಂತರ 7 ಸೆಕೆಂಡಾದರೆ 7ರಲ್ಲಿ, 14ರಲ್ಲಿ ಶಿಖರ ಏಳುತ್ತದೆ. ಹತ್ತು ಸಾಲಿನ ಪ್ರೋಗ್ರಾಮ್ ಸಾಕು. ರೋಗ ಗುಣಪಡಿಸುವ ಔಷಧ ಇಲ್ಲ. ತಡೆಯುವ ಲಸಿಕೆ ಇದೆ, 9 ತಿಂಗಳಿಗೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಊರು ಬಿಟ್ಟು ಹೋಗುವ ಕುಟುಂಬಗಳ ಕೂಸುಗಳಿಗೆ ಆ ಎರಡನೆಯದು ತಪ್ಪಿಹೋಗಬಾರದು.

ಈಗ ಆ 99ಕ್ಕೆ ಬರುತ್ತೇನೆ. ಪ್ರಾಜೆಕ್ಟಿನವರು ಇಳಿಸಿಕೊಳ್ಳುವ, ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಡೇಟಾದಲ್ಲಿ ಐದು ಗುಂಪು, ಒಂದೊಂದರಲ್ಲಿ 23.6 ಸೆಕೆಂಡಿನ 100 ತುಣುಕು. ಮೊದಲ ಎರಡು ಗುಂಪು ಆರೋಗ್ಯವಂತರ ನೆತ್ತಿಯ ಮೇಲಿಂದ ತೆಗೆದವು. ಉಳಿದ ಮೂರು, ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಗಳ ತಲೆಬುರುಡೆಯೊಳಗೆ ಇಟ್ಟ ಎಲೆಕ್ಟ್ರೋಡಿನಿಂದ ತೆಗೆದವು. ಮೊದಲ ಗುಂಪನ್ನೂ, ಫಿಟ್ಸ್ ನಡೆಯುತ್ತಿದ್ದಾಗಿನ ಕೊನೆಯದನ್ನೂ ಬೇರ್ಪಡಿಸುವ ಪ್ರೋಗ್ರಾಮ್, ಮೂರ್ಛೆಯನ್ನು ಕಲಿತಿದೆಯೋ ಬುರುಡೆಯ ಒಳಗು ಹೊರಗನ್ನು ಕಲಿತಿದೆಯೋ ಹೇಳಲಾಗದು. ಬಾಸ್ಟನ್ನಿನ ಮಕ್ಕಳ ಡೇಟಾ ನೆತ್ತಿಯ ಮೇಲಿನದೇ, ಗಂಟೆಗಟ್ಟಲೆ ಉದ್ದದ್ದು, ಉತ್ತಮವಾದದ್ದು. ಆದರೆ ಒಂದೇ ಮಗುವಿನ ತುಣುಕುಗಳು ಕಲಿಕೆಗೂ ಪರೀಕ್ಷೆಗೂ ಹಂಚಿಹೋದರೆ ಪ್ರೋಗ್ರಾಮ್ ಆ ಮಗುವನ್ನು ಗುರುತಿಸುತ್ತದೆ, ರೋಗವನ್ನಲ್ಲ. ಒಬ್ಬೊಬ್ಬ ರೋಗಿಯನ್ನೇ ಪೂರ್ತಿ ಹೊರಗಿಟ್ಟು ಪರೀಕ್ಷಿಸಿ. ಇನ್ನೊಂದು: ಅಲ್ಲಿಯ ಕರೆಂಟ್ 60 ಹರ್ಟ್ಸ್, ನಮ್ಮದು 50. ಅಲ್ಲಿ ಕಲಿತ ಪ್ರೋಗ್ರಾಮಿಗೆ ನಮ್ಮ ಗುಂಯ್ ಹೊಸತು. ಕ್ಲೋಬಾಜಮ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ವೇಗದ ಬೀಟಾ ಅಲೆ ಹೆಚ್ಚುತ್ತದೆ. ಗುಳಿಗೆಯ ಹೆಸರು ಫೈಲಿನಲ್ಲಿ ಬರೆದಿರದಿದ್ದರೆ ಅದೂ ಗೊಂದಲ.

99% ಎಂಬುದು ಆಸ್ಪತ್ರೆಯಲ್ಲಿ ಏನಾಗುತ್ತದೆ ನೋಡಿ. 2 ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿದರೆ ಒಂದು ದಿನಕ್ಕೆ 43,200. ಫಿಟ್ಸ್ ಇಲ್ಲದ ತುಣುಕುಗಳಲ್ಲಿ ನೂರಕ್ಕೊಂದು ತಪ್ಪಿದರೂ ದಿನಕ್ಕೆ 432 ಸುಳ್ಳು ಅಲಾರಂ, ಹೆಚ್ಚುಕಡಿಮೆ ಮೂರು ಮೂರೂವರೆ ನಿಮಿಷಕ್ಕೊಂದು. ನರ್ಸ್ ಮೊದಲ ತಾಸಿನಲ್ಲೇ ಅದನ್ನು ಆರಿಸಿಡುತ್ತಾರೆ. ಗಂಟೆಗೆ ಎಷ್ಟು ಸುಳ್ಳು ಅಲಾರಂ ಎಂಬ ಅಂಕಿ ಇಲ್ಲದ ವರದಿಯನ್ನು ನಾನು ಅರ್ಧ ವರದಿ ಎನ್ನುತ್ತೇನೆ.

ಹಾಗಾದರೆ ಏನು ಕಟ್ಟಬೇಕು? ನನ್ನ ಆಸೆ ಇದು: ರೋಗ ಹೇಳುವ ಪ್ರೋಗ್ರಾಮಿಗೆ ಮೊದಲು, ಮೊದಲ ಎರಡು ನಿಮಿಷದಲ್ಲೇ ಕೆಟ್ಟ ಎಲೆಕ್ಟ್ರೋಡನ್ನು ತೋರಿಸುವ ಪ್ರೋಗ್ರಾಮ್. ನಾಚ್ ಬಂದ್ ಮಾಡಿ, ಸೆಕೆಂಡಿಗೆ 512 ಸ್ಯಾಂಪಲ್‌ನಂತೆ ದಾಖಲಿಸಿ, 4 ಸೆಕೆಂಡಿನ ಕಿಟಕಿ ತೆಗೆದುಕೊಳ್ಳಿ. 2048 ಸ್ಯಾಂಪಲ್, ಕಾಲು ಹರ್ಟ್ಸಿನ ಸ್ಪಷ್ಟತೆ. ಪ್ರತಿ ಚಾನೆಲ್‌ಗೂ 49ರಿಂದ 51 ಹರ್ಟ್ಸಿನ ಬಲವನ್ನು 1ರಿಂದ 30ರ ಬಲಕ್ಕೆ ಹೋಲಿಸಿ. ಒಂದೇ ಚಾನೆಲ್‌ನಲ್ಲಿ ಹೆಚ್ಚಿದ್ದರೆ ಎಲೆಕ್ಟ್ರೋಡ್, ಎಲ್ಲದರಲ್ಲೂ ಇದ್ದರೆ ಗ್ರೌಂಡ್ ಅಥವಾ ಅರ್ಥಿಂಗ್. ಬೆವರಿನ ತೂಗಾಟಕ್ಕೆ 4 ಸೆಕೆಂಡ್ ಸಾಲದು, 20 ಸೆಕೆಂಡಿನ ಕಿಟಕಿಯಲ್ಲಿ ಅರ್ಧ ಹರ್ಟ್ಸಿಗಿಂತ ಕೆಳಗಿನದನ್ನು ಅಳೆಯಿರಿ. ಪಕ್ಕಪಕ್ಕದ ಎರಡು ಎಲೆಕ್ಟ್ರೋಡುಗಳ ವ್ಯತ್ಯಾಸ ಸೊನ್ನೆಗೆ ಹತ್ತಿರವಿದ್ದರೆ ಪೇಸ್ಟ್ ಹರಡಿ ಕೂಡಿಕೊಂಡಿದೆ. ಪರದೆಯ ಮೇಲೆ ತಲೆಯ ಚಿತ್ರ, ಕೆಟ್ಟ ಜಾಗಕ್ಕೆ ಕೆಂಪು ಚುಕ್ಕೆ, ಪಕ್ಕದಲ್ಲಿ ಕನ್ನಡದಲ್ಲೇ ಸೂಚನೆ: ‘ಎಡ ಹಿಂದಲೆಯದನ್ನು ಮತ್ತೆ ಉಜ್ಜಿ’, ‘ಗ್ರೌಂಡ್ ನೋಡಿ’, ‘ಪೇಸ್ಟ್ ಒರೆಸಿ’.

ಇದನ್ನು ಪರೀಕ್ಷಿಸಲು ವಿದೇಶಿ ಡೇಟಾ ಬೇಡ, ರೋಗಿಯೂ ಬೇಡ. ಆಸ್ಪತ್ರೆಯ ಒಪ್ಪಿಗೆ ಪಡೆದು, ಅಲ್ಲಿಯ ಯಂತ್ರದಲ್ಲೇ, ಒಪ್ಪಿದ ಗೆಳೆಯನೊಬ್ಬನ ತಲೆಗೆ ಟೆಕ್ನೀಷಿಯನ್ ಕೈಯಿಂದಲೇ ಎಲೆಕ್ಟ್ರೋಡ್ ಹಾಕಿಸಿ. ಒಂದನ್ನು ಬೇಕೆಂದೇ ಸಡಿಲಿಸಿ. ಎರಡರ ನಡುವೆ ಪೇಸ್ಟ್ ಸವರಿ. ಒಂದು ಜಾಗಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ. ಕೂಲರನ್ನು ವೈರಿನ ಕಡೆ ತಿರುಗಿಸಿ. ಪ್ರತಿಯೊಂದರ ಸಮಯವನ್ನೂ ಫೈಲಿನಲ್ಲಿ ಗುರುತು ಹಾಕಿ. ಕೊನೆಗೆ ಗೆಳೆಯನಿಗೆ ಹಲ್ಲು ಕಚ್ಚಲು ಹೇಳಿ: ಕಿವಿಯ ಮೇಲಿನ ಚಾನೆಲ್‌ಗಳೆಲ್ಲ ಸ್ನಾಯುವಿನ ಸದ್ದಿನಿಂದ ಕಪ್ಪಾಗುತ್ತವೆ, ಆದರೆ ಎಲೆಕ್ಟ್ರೋಡ್ ಚೆನ್ನಾಗಿಯೇ ಇರುತ್ತದೆ. ಆಗ ಪ್ರೋಗ್ರಾಮ್ ಕೆಂಪು ತೋರಿಸಿದರೆ ಇನ್ನೂ ಕೆಲಸ ಬಾಕಿ ಇದೆ. ‘ದವಡೆ ಸಡಿಲ ಬಿಡಲು ಹೇಳಿ’ ಎಂದು ತೋರಿಸಿದರೆ ಅದನ್ನು ಟೆಕ್ನೀಷಿಯನ್ ಕೈಗೆ ಕೊಡಬಹುದು.